ಸೋಮಾರಿಗಳ ಸಾರಥಿ

ಮುಖ್ಯ ಕಟ್ಟಡದ ಮುಂದೆ ಅಮ್ಮನ ಸ್ಕೂಟರ್ ನಿಂತಿರುವುದು ಕಂಡದ್ದೇ ತಡ, ಅವನ ಕಾಲು ತಾನಾಗಿಯೇ ಎಡಕ್ಕೆ ತಿರುಗಿಬಿಟ್ಟಿತು. ತಿರುಗಿದ ಮೇಲೆ ಮನಸ್ಸು ಕಾರಣ ಹುಡುಕತೊಡಗಿತು. ಮುಂಬಾಗಿಲಲ್ಲಿ ಜನ ಜಾಸ್ತಿ. ಕಂಕುಳಲ್ಲಿರುವ ಹಲಗೆಯ ಬಣ್ಣ ಇನ್ನೂ ಸರಿಯಾಗಿ ಆರಿಲ್ಲ, ಯಾರಾದರೂ ಮೈಗೆ ತಾಗಿದರೆ ಅಕ್ಷರವೆಲ್ಲ ಅವರ ಅಂಗಿಗೆ. ಸಭೆಗೆ ಬೇರೆ ತಡವಾಗಿದೆ. ಎಲ್ಲವೂ ಒಪ್ಪುವಂಥ ಕಾರಣಗಳೇ. ಆದರೆ ಎಲ್ಲವನ್ನೂ ಕಾಲು ತಿರುಗಿದ ಮೇಲೆ ಕಟ್ಟಿಕೊಂಡದ್ದು ಎಂಬುದು ಅವನಿಗೆ ಗೊತ್ತಿತ್ತು. ಸ್ಕೂಟರಿನ ಹಿಂದೆ ರಬ್ಬರ್ ಪಟ್ಟಿಯಿಂದ ಬಿಗಿದಿರುತ್ತಿದ್ದ ಸಾಮಾನಿನ ಪೆಟ್ಟಿಗೆ ಇರಲಿಲ್ಲ. ಅಂದರೆ ಅಮ್ಮ ಒಳಗೆ ಕೆಲಸ ಶುರುಮಾಡಿದ್ದಾಳೆ. ಈ ಹೊತ್ತಿಗೆ ಲಾಬಿಯ ನಟ್ಟನಡುವೆ ಹಳದಿ ಅಡ್ಡಗಟ್ಟು ನಿಲ್ಲಿಸಿ, ಕಂಪನಿಯ ನೀಲಿ ಅಂಗಿ ಪ್ಯಾಂಟಿನಲ್ಲಿ ನೆಲದ ಮೇಲೆ ಬೋರಲು ಮಲಗಿ, ಲಿಫ್ಟಿನ ಗುಂಡಿಯೊಳಕ್ಕೆ ತಲೆ ತೂರಿಸಿ, ಯಾವುದೋ ಸ್ಪ್ರಿಂಗಿಗೆ ಬೈಯುತ್ತಿರುತ್ತಾಳೆ. ಬೈಯದೆ ಅವಳಿಗೆ ಕೆಲಸ ಸಾಗದು. ‘ಏನೇ ನಿಂಗೆ ರೋಗ, ಮೊನ್ನೆ ತಾನೇ ಎಣ್ಣೆ ಕುಡಿಸಿದ್ನಲ್ಲ’ ಎಂದು ಅವಳು ಶುರುಮಾಡಿದರೆ ಆ ದನಿ ಗುಂಡಿಯಲ್ಲಿ ಗುಂಯ್‌ಗುಟ್ಟಿ ಕಟ್ಟಡದ ತುದಿಯವರೆಗೂ ಏರುತ್ತದೆ. ತಿಂಗಳ ಮೊದಲ ವಾರ ಬರಬೇಕಾದವಳು ಇವತ್ತೇ ಯಾಕೆ ಬಂದಳೋ.

ಮೆಟ್ಟಿಲು ಶುರುವಾಗುವುದೂ ಆ ಲಾಬಿಯಿಂದಲೇ. ಅದು ಅವನ ಸಂಬಳದ ಮೆಟ್ಟಿಲು. ಅವನು ತೊಟ್ಟ ಹಸಿರು ಅಂಗಿಯ ಎದೆಯ ಮೇಲೆ ‘ಮೆಟ್ಟಿಲು ಹತ್ತಿ, ಭೂಮಿಯ ಬಿಸಿ ಇಳಿಸಿ’ ಎಂದು ದಪ್ಪಕ್ಷರದಲ್ಲಿತ್ತು. ವಿಶ್ವವಿದ್ಯಾಲಯದ ಹಸಿರು ಕಚೇರಿ ಈ ವರ್ಷ ವಿದ್ಯಾರ್ಥಿಗಳನ್ನೇ ಸಂಬಳ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡಿತ್ತು. ಒಂದು ಗುಂಪು ಕ್ಯಾಂಟೀನಿನ ತಟ್ಟೆಗಳಲ್ಲಿ ಉಳಿದ ಊಟವನ್ನು ತೂಗುತ್ತಿತ್ತು, ಇನ್ನೊಂದು ತೊಟ್ಟಿಕ್ಕುವ ನಲ್ಲಿಗಳ ಬೆನ್ನು ಹತ್ತಿತ್ತು. ಅವನಿಗೂ ಸೈಕಲ್‌ಗೂ ಬಂದದ್ದು ಲಿಫ್ಟು: ಅದರಲ್ಲಿ ಓಡಾಡುವವರನ್ನು ಹೇಗಾದರೂ ಮಾಡಿ ಮೆಟ್ಟಿಲಿಗೆ ಎಳೆಯಬೇಕು. ಸೈಕಲ್ ಅಂದರೆ ಅವನ ಜೊತೆ ಕೆಲಸ ಮಾಡುವ ಹುಡುಗಿ. ಮಳೆಯಿರಲಿ ಬಿಸಿಲಿರಲಿ ಸೈಕಲ್ ಬಿಟ್ಟು ಇಳಿಯದ ಅವಳಿಗೆ ಆ ಹೆಸರೇ ನಿಂತುಹೋಗಿ, ಹಾಜರಿ ಕರೆಯುವವರು ನಿಜವಾದ ಹೆಸರು ಕೂಗಿದರೆ ಅವಳೇ ಅಕ್ಕಪಕ್ಕ ನೋಡುತ್ತಿದ್ದಳು. ಲಿಫ್ಟಿಗೆ ಕಾಲಿಡುವುದಿಲ್ಲ ಎಂದು ಮೊದಲ ದಿನವೇ ಶಪಥ ಮಾಡಿದವಳು. ಅವಳ ಉಪಾಯ ಮೆಟ್ಟಿಲಿನ ಮೇಲೆ ಬಣ್ಣದ ಹೆಜ್ಜೆ ಬಿಡಿಸುವುದಾಗಿತ್ತು, ಅವನದು ಬಸವನಹುಳು. ಪ್ರತಿ ಮಹಡಿಯ ತಿರುವಿನಲ್ಲೂ ಒಂದೊಂದು ಹಲಗೆ, ಪ್ರತಿ ಹಲಗೆಯಲ್ಲೂ ಕತೆಯ ಒಂದೊಂದು ತುಂಡು. ಮುಂದೇನಾಯಿತೆಂದು ತಿಳಿಯಬೇಕಾದರೆ ಇನ್ನೊಂದು ಮಹಡಿ ಹತ್ತಲೇಬೇಕು. ತನ್ನ ಮದುವೆಗೆ ರಜೆ ಕೇಳಲು ಬಸವನಹುಳುವೊಂದು ಕಟ್ಟಡದ ತುದಿಯಲ್ಲಿರುವ ಸಾಹೇಬರ ಕೋಣೆಗೆ ಹೊರಡುತ್ತದೆ. ಎರಡನೆಯ ಮಹಡಿ ತಲುಪುವಷ್ಟರಲ್ಲಿ ಮದುವೆಯ ದಿನ ದಾಟಿಹೋಗುತ್ತದೆ, ಹೆಂಡತಿಯಾಗಬೇಕಾದವಳು ಅಲ್ಲಿಗೇ ಬಂದು ಜೊತೆಯಾಗುತ್ತಾಳೆ. ನಾಲ್ಕನೆಯದರಲ್ಲಿ ಮಕ್ಕಳು. ಆರನೆಯದರಲ್ಲಿ, ಹೇಗಿದ್ದರೂ ಹೋಗುತ್ತಿದ್ದೇವಲ್ಲ, ಮಗಳ ಮದುವೆಗೂ ಸೇರಿಸಿ ರಜೆ ಕೇಳಿಬಿಡೋಣ ಎಂಬ ಯೋಚನೆ. ಎಂಟನೆಯದರಲ್ಲಿ ನಿವೃತ್ತಿಯ ವಯಸ್ಸು. ಒಂಬತ್ತನೆಯ ಮಹಡಿಯ ಹಲಗೆ ಈಗ ಅವನ ಕಂಕುಳಲ್ಲಿತ್ತು. ಇವತ್ತು ಅದನ್ನು ನೇತುಹಾಕಿ, ಅಲ್ಲೇ ಮೇಲೆ ನಡೆಯುವ ಸಭೆಯಲ್ಲಿ ಯೋಜನೆಯನ್ನು ಮುಂದಿನ ವರ್ಷಕ್ಕೂ ನಡೆಸುವಂತೆ ಕೇಳಬೇಕಿತ್ತು. ಸೈಕಲ್‌ಗೆ ಮಧ್ಯಾಹ್ನದವರೆಗೆ ಪ್ರಯೋಗಾಲಯ. ಕೇಳಬೇಕಾದವನು ಅವನೊಬ್ಬನೇ.

ಇದಿಷ್ಟೇ ಆಗಿದ್ದರೆ ಅಮ್ಮನೆದುರು ಎದೆ ಸೆಟೆಸಿಕೊಂಡು ಮೆಟ್ಟಿಲು ಹತ್ತಬಹುದಿತ್ತು. ಆದರೆ ಲಿಫ್ಟುಗಳ ಪಕ್ಕದ ಗೋಡೆಗೆ ಅವನೇ ಬರೆದು ಹಚ್ಚಿದ ಇನ್ನೊಂದು ಹಲಗೆಯಿತ್ತು: ‘ಲಿಫ್ಟ್: ಸೋಮಾರಿಗಳ ವಾಹನ.’ ಬರೆದ ದಿನ ಸೈಕಲ್ ಚಪ್ಪಾಳೆ ತಟ್ಟಿದ್ದಳು, ಅವನಿಗೂ ತನ್ನ ಕೈಬರಹದ ಮೇಲೆ ಮುದ್ದು ಬಂದಿತ್ತು. ರಾತ್ರಿ ಊಟಕ್ಕೆ ಕೂತಾಗ, ಬೆರಳಿನ ಸಂದಿಯ ಕಪ್ಪು ಜಿಡ್ಡನ್ನು ಇನ್ನೂ ಉಜ್ಜುತ್ತಲೇ ಇದ್ದ ಅಮ್ಮ ‘ಏನು ಮಾಡಿದ್ಯೋ ಇವತ್ತು?’ ಎಂದರೆ ‘ಪರಿಸರದ ಕೆಲಸ’ ಎಂದಿದ್ದ. ಅಷ್ಟು ಸಾಕಾಗಿತ್ತು ಅವಳಿಗೆ. ಪಕ್ಕದ ಮನೆಯ ಆಂಟಿಯಿಂದ ಹಿಡಿದು ಪೆಟ್ರೋಲ್ ಹಾಕುವವನವರೆಗೆ ಎಲ್ಲರಿಗೂ ‘ನನ್ ಮಗ ಭೂಮಿ ಉಳಿಸ್ತಾ ಇದಾನೆ, ಅದಕ್ಕೆ ಸಂಬಳಾನೂ ಕೊಡ್ತಾರೆ ಅಂದ್ರೆ ನೋಡಿ!’ ಎಂದು ಸಾರಿಬಿಟ್ಟಿದ್ದಳು. ಯಾರಿಂದ ಉಳಿಸುತ್ತಿದ್ದಾನೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವನು ಏನು ಹೇಳಬೇಕಿತ್ತು? ಚಿಕ್ಕವನಿದ್ದಾಗ ಶಾಲೆಗೆ ರಜೆ ಬಂದರೆ ಅಮ್ಮನ ಹಿಂದೆಯೇ ಹೋಗುತ್ತಿದ್ದ. ಊರಿನ ಎತ್ತರದ ಕಟ್ಟಡಗಳ ನೆತ್ತಿಯಲ್ಲಿರುವ ಯಂತ್ರದ ಕೋಣೆಗಳೇ ಅವನ ಬೇಸಿಗೆಯ ಮನೆಗಳು. ದೊಡ್ಡ ಚಕ್ರ ತಿರುಗುವುದನ್ನು ನೋಡುತ್ತ ಚಿತ್ರ ಬರೆಯುತ್ತಿದ್ದ. ಕೆಳಗೆ ಯಾರೋ ಗುಂಡಿ ಒತ್ತಿದ್ದಕ್ಕೆ ಇಲ್ಲಿ ಅಮ್ಮನ ಚಕ್ರ ಎದ್ದು ತಿರುಗುತ್ತದೆ ಎಂಬುದು ಅವನಿಗೆ ಇಡೀ ಲೋಕವೇ ಅಮ್ಮನ ಮಾತು ಕೇಳುತ್ತದೆ ಎಂಬಂತೆ ತೋರುತ್ತಿತ್ತು. ಅದೇ ಅವನು ಕಾಲೇಜಿಗೆ ಸೇರಿದ ಹೊಸತರಲ್ಲಿ, ಹೊಸ ಗೆಳೆಯರ ನಡುವೆ ನಡೆದುಹೋಗುತ್ತಿದ್ದಾಗ, ಹಿಂದಿನಿಂದ ‘ಮರೀ’ ಎಂದು ಕೂಗಿದ ದನಿ ಕೇಳಿಸಿಯೂ ತಿರುಗಿರಲಿಲ್ಲ. ಒಬ್ಬ ಗೆಳೆಯ ತಿರುಗಿ ನೋಡಿ ‘ಯಾರೋ ಲಿಫ್ಟ್ ರಿಪೇರಿ ಮಾಡೋರು’ ಎಂದಿದ್ದ. ಮನೆಯಲ್ಲಿ ಅಮ್ಮ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು. ಆಮೇಲೆ ಅವಳು ಅಲ್ಲಿಗೆ ಕೆಲಸಕ್ಕೆ ಬಂದ ಯಾವ ದಿನವೂ ಅವನನ್ನು ಕೂಗಿದ್ದಿಲ್ಲ. ಕೂಗಲಿಲ್ಲವಲ್ಲ ಎಂಬ ಸಮಾಧಾನ ಮೊದಲು ಬರುತ್ತಿತ್ತು, ಅದರ ಬೆನ್ನಿಗೇ ಇನ್ನೇನೋ ಬಂದು ಎದೆಯಲ್ಲಿ ಕೂತುಬಿಡುತ್ತಿತ್ತು.

ಕಟ್ಟಡದ ಹಿಂಭಾಗದಲ್ಲಿ ಮೆಟ್ಟಿಲಿರಲಿಲ್ಲ, ಸಾಮಾನು ಸಾಗಿಸುವ ಹಳೆಯ ಲಿಫ್ಟು ಮಾತ್ರ ಇತ್ತು. ಅವನು ಅತ್ತಿತ್ತ ನೋಡಿ, ಎದೆಯ ಮೇಲಿನ ಅಕ್ಷರಗಳಿಗೆ ಹಲಗೆಯನ್ನು ಅಡ್ಡ ಹಿಡಿದು, ಗುಂಡಿ ಒತ್ತಿದ. ಬಾಗಿಲು ತೆರೆಯಿತು. ಒಳಗೆ ಪ್ರೊಫೆಸರ್ ನಿಂತಿದ್ದರು. ಯೋಜನೆಯ ಮುಖ್ಯಸ್ಥರು ಅವರೇ. ಭೂಮಿಯ ಬಿಸಿಯ ಬಗ್ಗೆ ಮಾತಿಗೆ ನಿಂತರೆ ಮೈಕು ಬೇಡದ ಗಂಟಲು. ನೆಲಮಾಳಿಗೆಯ ಗ್ರಂಥಾಲಯದಿಂದ ಹತ್ತಿದ್ದರೋ ಏನೋ. ಮಾವಿನಕಾಯಿ ಕದಿಯಲು ಹೋದವರು ಮರದ ಮೇಲೇ ಮುಖಾಮುಖಿಯಾದಂತೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಸಾಮಾನಿತ್ತು ಸರ್,” ಎಂದು ಅವನು ಹಲಗೆ ತೋರಿಸಿದ.

“ಹೌದೌದು, ಸಾಮಾನಿದ್ರೆ ಇದೇ ಸರಿ,” ಎಂದರು ಪ್ರೊಫೆಸರ್. ಅವರ ಕೈಯಲ್ಲಿ ಒಂದು ಪೆನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನೇ ಒಮ್ಮೆ ನೋಡಿಕೊಂಡು, “ನಾನು ಸುಮ್ನೆ ಹೀಗೆ… ಇದು ಎಷ್ಟು ಕರೆಂಟ್ ತಿನ್ನುತ್ತೆ ಅಂತ ನೋಡೋಣ ಅಂತ,” ಎಂದರು.

ಅವರಿಬ್ಬರೂ ಬಾಗಿಲ ಮೇಲಿನ ಅಂಕಿಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ಅಂಕಿ ನಾಲ್ಕಾಯಿತು. ಐದಾಗಬೇಕು ಎನ್ನುವಾಗ ದೀಪ ಕಣ್ಣು ಮಿಟುಕಿಸಿ, ನೆತ್ತಿಯ ಮೇಲೆಲ್ಲೋ ಢಕ್ ಎಂದಿತು. ಲಿಫ್ಟು ನಿಂತಿತು.

ಪ್ರೊಫೆಸರ್ ಅವನ ತೋಳು ಹಿಡಿದುಕೊಂಡರು. ಅಂಥ ದೊಡ್ಡ ಗಂಟಲಿನಿಂದ ಇಷ್ಟು ಸಣ್ಣ ದನಿ ಬರಬಹುದೆಂದು ಅವನು ಎಣಿಸಿರಲಿಲ್ಲ. “ಹಗ್ಗ ಹರೀತೇನಯ್ಯಾ?”

“ಇಲ್ಲ ಸರ್. ಅದು ಬ್ರೇಕು. ಬ್ರೇಕ್ ಸದ್ದು ಮಾಡಿದ್ರೆ ಲಿಫ್ಟು ನಮ್ಮನ್ನ ಗಟ್ಟಿಯಾಗಿ ಹಿಡ್ಕೊಂಡಿದೆ ಅಂತ ಅರ್ಥ. ಹಗ್ಗ ಒಂದೇ ಇರಲ್ಲ, ಸುಮಾರಿರ್ತವೆ. ಕೂತ್ಕೊಳಿ ನೀವು.”

ಹೇಳುತ್ತ ಹೇಳುತ್ತ ಅವನಿಗೆ ಬೆರಗಾಯಿತು. ಪದಗಳು ಅವನವೇ ಅಲ್ಲ. ‘ಹಿಡ್ಕೊಂಡಿದೆ ಕಣೋ, ನಾನು ನಿನ್ನ ಹಿಡ್ಕೊಂಡ ಹಾಗೆ’ ಎಂದು, ಮೊದಲ ಸಲ ಲಿಫ್ಟಿನಲ್ಲಿ ಸಿಕ್ಕಿಕೊಂಡು ಅವನು ಅತ್ತಾಗ, ಅಮ್ಮ ಹೇಳಿದ್ದು. ಅವಳ ಮೈಯಿಂದ ಯಾವಾಗಲೂ ಎಣ್ಣೆಯದೂ ಸೋಪಿನದೂ ಸೇರಿದ ಒಂದು ವಾಸನೆ ಬರುತ್ತಿತ್ತು. ಈಗಲೂ ಲಿಫ್ಟಿನ ಮೂಲೆಯಿಂದ ಅರ್ಧ ವಾಸನೆ ಬಂದಂತಾಗಿ, ಉಳಿದರ್ಧಕ್ಕೆ ಅವನ ಮೂಗು ಕಾದಿತು. ಪ್ರೊಫೆಸರ್ ನೆಲದ ಮೇಲೆ ಕೂತು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. “ನಿಂಗೆ ಇದೆಲ್ಲ ಹೇಗೆ ಗೊತ್ತು?” ಎಂದರು.

“ನಮ್ಮ… ಪರಿಚಯದವರೊಬ್ರಿದಾರೆ ಸರ್, ಈ ಲೈನಲ್ಲಿ.”

ಪರಿಚಯದವರು. ಆ ಮಾತು ಆ ಸಣ್ಣ ಪೆಟ್ಟಿಗೆಯೊಳಗೆ ಹೊರಗೆ ಹೋಗಲು ದಾರಿಯಿಲ್ಲದೆ ಅವರಿಬ್ಬರ ನಡುವೆಯೇ ನಿಂತಿತು. ಅವನು ಮುಖ ಬಿಸಿಯಾದದ್ದನ್ನು ಮುಚ್ಚಿಕೊಳ್ಳಲು ಗೋಡೆಯ ಕಡೆ ತಿರುಗಿ ಗಂಟೆಯ ಗುಂಡಿ ಒತ್ತಿದ. ತೂತುಗಳಿದ್ದ ತಗಡಿನ ಹಿಂದಿನಿಂದ ಸ್ವಲ್ಪ ಹೊತ್ತು ಬರೀ ಕರಕರ. ಆಮೇಲೆ ಬಂದ ದನಿ ಅಮ್ಮನದು.

“ಹೆದರಬೇಡಿ, ನಾನು ಇದೇ ಕಟ್ಟಡದಲ್ಲಿದೀನಿ. ಒಳಗೆ ಎಷ್ಟು ಜನ ಇದೀರಿ?”

ಪ್ರೊಫೆಸರ್ ಅವನನ್ನೇ ನೋಡುತ್ತಿದ್ದರು. ಅವನು ಗಂಟಲನ್ನು ಕುಗ್ಗಿಸಿ, ಮೂಗು ಕಟ್ಟಿದವನಂತೆ, “ಇಬ್ರು,” ಎಂದ.

“ಯಾರಿಗಾದ್ರೂ ಪೆಟ್ಟಾಗಿದೆಯಾ?”

“ಇಲ್ಲಾ.” ಇನ್ನೂ ದಪ್ಪಗೆ ಹೇಳಲು ಹೋಗಿ ಕೆಮ್ಮು ಬಂತು.

“ಅಯ್ಯೋ ಪಾಪ, ಗಂಟಲು ಬಹಳ ಕೆಟ್ಟಿದೆ ನಿಮ್ದು. ಹೊರಗೆ ಬಂದ ಮೇಲೆ ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ ಸರ್. ನನ್ ಮಗನೂ ಹೀಗೇ, ಹೇಳಿದ್ರೆ ಕೇಳಲ್ಲ. ಮೇಲೆ ಹೋಗಿ ಕರೆಂಟ್ ತೆಗೆದು ಬರ್ತೀನಿ. ಬಾಗಿಲು ಮುಟ್ಟಬೇಡಿ.”

“ಎಷ್ಟು ಒಳ್ಳೆ ಹೆಂಗಸು,” ಎಂದರು ಪ್ರೊಫೆಸರ್. ಅವರ ಬಣ್ಣ ಮರಳಿತ್ತು. “ನೋಡು, ದನಿ ಕೇಳಿದ್ದೇ ಜೀವ ಬಂದ ಹಾಗಾಯ್ತು. ನಿಂಗ್ಯಾಕೆ ಇದ್ದಕ್ಕಿದ್ದ ಹಾಗೆ ಶೀತ?”

ಅವನು ಇನ್ನೊಮ್ಮೆ ಕೆಮ್ಮಿ ತೋರಿಸಿದ. ಅಮ್ಮ ಈಗ ಮೇಲೆ ಹತ್ತುತ್ತಿರುತ್ತಾಳೆ. ಪೆಟ್ಟಿಗೆ ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ. ಮುಂಭಾಗದ ಲಿಫ್ಟುಗಳನ್ನು ಅವಳೇ ನಿಲ್ಲಿಸಿದ್ದಾಳೆ, ಇದು ತಾನಾಗಿ ನಿಂತಿದೆ. ಅಂದರೆ ಮೆಟ್ಟಿಲಲ್ಲೇ, ಸೈಕಲ್ ಬಿಡಿಸಿದ ಬಣ್ಣದ ಹೆಜ್ಜೆಗಳ ಮೇಲೆ, ಅವನ ಬಸವನಹುಳುವಿನ ಜೊತೆಯಲ್ಲೇ. ಓದುತ್ತಿದ್ದಾಳೋ? ಅವಳಿಗೆ ನಗು ಬೇಗ. ಅವನಿಗೆ ಹಾಸ್ಯ ಬರೆಯುವ ಹುಚ್ಚು ಬಂದದ್ದೇ ಅವಳನ್ನು ನಗಿಸಲು. ಎರಡನೆಯ ಕ್ಲಾಸಿನಲ್ಲಿರುವಾಗ ಅವನು ಹೇಳಿದ್ದಕ್ಕೆ ಅವಳು ಸ್ಪ್ಯಾನರ್ ಕೆಳಗೆ ಬೀಳಿಸುವಷ್ಟು ನಕ್ಕಿದ್ದಳು. ಏನು ಹೇಳಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಸ್ಪ್ಯಾನರ್ ಬಿದ್ದ ಸದ್ದು ನೆನಪಿತ್ತು, ಮಾತು ನೆನಪಿರಲಿಲ್ಲ.

ಹೊರಗಿನ ಬಾಗಿಲಿಗೆ ಕೀಲಿ ತಿರುಗಿತು. ಎರಡು ಬಾಗಿಲೂ ಸರಿದು ಬೆಳಕು ಒಳಗೆ ಬಂದಾಗ, ಮಹಡಿಯ ನೆಲ ಅವರ ಮೊಣಕಾಲಿನೆತ್ತರಕ್ಕಿತ್ತು. ಅಮ್ಮ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಕೆನ್ನೆಯ ಮೇಲೊಂದು ಎಣ್ಣೆಯ ಗೆರೆ. ಮೊದಲು ಪ್ರೊಫೆಸರರನ್ನು ಕೈ ಹಿಡಿದು ಹತ್ತಿಸಿಕೊಂಡಳು. ಆಮೇಲೆ ಒಳಗೆ ನೋಡಿದಳು. ಅವಳ ಹುಬ್ಬು ಮೇಲೇರಿತು, ಬಾಯಿ ತೆರೆಯಿತು, ಅವಳಿಗೆ ‘ಮರೀ’ ಎನ್ನುವುದಿತ್ತು. ಅವಳು ಪ್ರೊಫೆಸರರ ಕಡೆಗೊಮ್ಮೆ ನೋಡಿದಳು, ಅವನ ಕಡೆಗೊಮ್ಮೆ ನೋಡಿದಳು, ಆ ಪದವನ್ನು ನುಂಗಿಕೊಂಡು ಕೈ ಚಾಚಿದಳು.

“ಬನ್ನಿ ಸರ್. ನಿಧಾನ. ಕೈ ಕೊಡಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚಬೇಕೆಂಬುದೂ ಇರಲಿಲ್ಲ. ಯಾವ ಗಿರಾಕಿಗೆ ಹೇಳುವುದಾದರೂ ಹೀಗೆಯೇ ಹೇಳುತ್ತಿದ್ದಳು. ಮಗನಿಗೆ ಮುಜುಗರವಾಗದಿರಲಿ ಎಂದು ಅವಳು ಅಷ್ಟು ಸಲೀಸಾಗಿ ಪರಕೀಯಳಾದದ್ದನ್ನು ಕಂಡು ಅವನಿಗೆ ತಾನು ನಿಂತಿದ್ದ ನೆಲ ಇನ್ನೂ ಒಂದು ಮಹಡಿ ಇಳಿದಂತಾಯಿತು. ಇದನ್ನು ಅವಳು ಎಂದು ಕಲಿತಳು? ಅವಳ ಕೂಗಿಗೆ ಅವನು ತಿರುಗದ ಆ ದಿನವೋ? ಕಲಿಸಿದವನು ಯಾರು? ಅವನು ಆ ಕೈ ಹಿಡಿದ. ಅಂಗೈಯ ಗಂಟುಗಳು ಎಲ್ಲಿರಬೇಕೋ ಅಲ್ಲಿದ್ದವು. ಹತ್ತಿ ನಿಂತವನು ಕೈ ಬಿಡಲಿಲ್ಲ.

“ಅಮ್ಮಾ,” ಎಂದ. ಬಹಳ ಜೋರಾಗಿ ಬಂತು. ಕಾರಿಡಾರಿನ ಕೊನೆಯಲ್ಲಿ ಯಾರೋ ತಿರುಗಿ ನೋಡಿದರು. “ಸರ್, ಇವ್ರು ನಮ್ಮಮ್ಮ. ಆಗ ಪರಿಚಯದವರು ಅಂದ್ನಲ್ಲ, ಇವ್ರೇ. ಲಿಫ್ಟಿನ ಬಗ್ಗೆ ನಂಗೆ ಗೊತ್ತಿರೋದೆಲ್ಲ ಇವ್ರು ಹೇಳ್ಕೊಟ್ಟಿದ್ದು.”

ಅಮ್ಮ ಕೈಯನ್ನು ಅಂಗಿಗೆ ಒರೆಸಿಕೊಂಡಳು; ಏನು ಮಾಡಬೇಕೆಂದು ತೋಚದಾಗ ಅವಳು ಮಾಡುವುದೇ ಅದು. ಮರುಗಳಿಗೆಯಲ್ಲಿ ಅವಳು ಮೊದಲಿನ ಅಮ್ಮ. “ಹಾಗಾದ್ರೆ ಆ ಗಂಟಲು ನಿಂದೇನೋ! ಕಳ್ಳ ನನ್ ಮಗನೆ, ಹೆತ್ತೋಳಿಗೇ ವೇಷ ಹಾಕ್ತೀಯ? ಉಪ್ಪುನೀರು ಮುಕ್ಕಳಿಸು ಅಂತ ಬೇರೆ ಹೇಳ್ದೆ ನಾನು!”

ಪ್ರೊಫೆಸರ್ ನಗತೊಡಗಿದರು. ಪಾರಾದ ನಗೆಯೂ ಸೇರಿದ್ದರಿಂದ ಅದು ಬೇಗ ನಿಲ್ಲಲಿಲ್ಲ. “ನಿಮ್ಮ ಮಗ ಇಲ್ದೇ ಇದ್ರೆ ನಾನು ಒಳಗೇ ಕೂಗಾಡಿ ಬಿದ್ದುಹೋಗ್ತಿದ್ದೆ ತಾಯಿ,” ಎಂದರು.

“ಭೂಮಿ ಉಳಿಸ್ತಾ ಇದಾನೆ ಅಂತಿದ್ದೆ, ನಿಮ್ಮನ್ನೂ ಉಳಿಸಿದ್ನಾ?” ಎಂದ ಅಮ್ಮ, ಆಮೇಲೆ ಅವನ ಎದೆಯನ್ನೇ ನೋಡುತ್ತ, “ಮೆಟ್ಟಿಲು ಹತ್ತಿ ಅಂತ ಬರ್ಕೊಂಡು ಲಿಫ್ಟ್ ಹತ್ತಿದೀರಲ್ಲ ಇಬ್ರೂ?” ಎಂದಳು.

ಪ್ರೊಫೆಸರರಿಗೆ ಥಟ್ಟನೆ ಸಭೆಯ ನೆನಪಾಯಿತು. ಅವರು ಮುಂಭಾಗದ ಮೆಟ್ಟಿಲಿನ ಕಡೆಗೆ ನಡೆದೇಬಿಟ್ಟರು. ಅಮ್ಮ ಯಂತ್ರದ ಕೋಣೆಗೆ ಮರಳಬೇಕಿತ್ತು. ಅವನು ಹಲಗೆಯ ಜೊತೆಗೆ ಅವಳ ಪೆಟ್ಟಿಗೆಯನ್ನೂ ಎತ್ತಿಕೊಂಡ. ಅದು ಅವನ ನೆನಪಿನಲ್ಲಿದ್ದುದಕ್ಕಿಂತ ಭಾರವಾಗಿತ್ತು. ಹತ್ತುತ್ತ ಒಂದು ತಿರುವಿನಲ್ಲಿ ಅವಳು ನಿಂತು, ತಿರುಗದೆಯೇ ಕೇಳಿದಳು: “ಕೆಳಗೆ ಗೋಡೆ ಮೇಲೊಂದು ಹಲಗೆ ಇದೆಯಲ್ಲ, ಸೋಮಾರಿಗಳ ವಾಹನ ಅಂತ. ಅದ್ಯಾರು ಬರ್ದಿದ್ದು?”

“ನಾನೇ.”

“ಅಕ್ಷರ ನೋಡಿದಾಗ್ಲೇ ಅಂದ್ಕೊಂಡೆ. ಬೆಳಗ್ಗಿಂದ ಅದರ ಕೆಳಗೇ ಮಲ್ಕೊಂಡು ಕೆಲಸ ಮಾಡ್ತಿದೀನಿ.” ಅವಳ ಬೆನ್ನು ಅಲುಗಿತು. ಅಳುತ್ತಿದ್ದಾಳೆಂದು ಅವನ ಜೀವ ಬಾಯಿಗೆ ಬಂತು. ತಿರುಗಿದಾಗ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಯಾವುದು ಯಾವುದರದೆಂದು ಅವನು ಕೇಳಲಿಲ್ಲ. “ಲಿಫ್ಟು ಸೋಮಾರಿಗಳ ವಾಹನ ಆದ್ರೆ ನಾನ್ಯಾರೋ? ಸೋಮಾರಿಗಳ ಸಾರಥಿ!”

“ತಪ್ಪಾಯ್ತಮ್ಮ. ತೆಗೆದುಹಾಕ್ತೀನಿ.”

“ತೆಗಿ. ಹೊಸದಾಗಿ ಬರಿ. ಜನ ಮೆಟ್ಟಿಲು ಹತ್ಲಿ, ಬೇಡ ಅನ್ನಲ್ಲ ನಾನು. ಆದ್ರೆ ಬೈದು ಹತ್ತಿಸಬೇಡ ಕಣೋ. ಬೈಯೋ ಕೆಲಸ ನಂದು. ನೀನು ನಗಿಸಿ ಹತ್ತಿಸು. ಆ ಹುಳದ ಕತೆ ಚೆನ್ನಾಗಿದೆ.”

ಅಷ್ಟರಲ್ಲಿ ಮೇಲಿನಿಂದ ಮೆಟ್ಟಿಲುಗಳ ನಡುವಿನ ಸಂದಿಯಲ್ಲಿ ಪ್ರೊಫೆಸರರ ಆ ಮೈಕು ಬೇಡದ ಗಂಟಲು ಇಳಿದುಬಂತು. ಏದುಸಿರಿನಿಂದ ತುಂಡುತುಂಡಾಗಿತ್ತು. “ಏನಯ್ಯಾ! ಇಲ್ಲಿ… ಹಲಗೇನೇ ಇಲ್ವಲ್ಲ! ಆ ಹುಳಕ್ಕೆ… ರಜೆ ಸಿಕ್ತೋ ಇಲ್ವೋ?” ಇಷ್ಟು ದಿನ ಹಿಂದಿನ ಲಿಫ್ಟಿನಲ್ಲೇ ಓಡಾಡುತ್ತಿದ್ದ ಅವರು ಇವತ್ತೇ ಮೊದಲು ಅದನ್ನು ಓದಿದ್ದು ಎಂದು ಅವನಿಗೆ ಹೊಳೆಯಿತು. ಅವನು ತಲೆಯೆತ್ತಿ, ಹಲಗೆಯಲ್ಲಿದ್ದುದನ್ನು ಗಟ್ಟಿಯಾಗಿ ಓದಿದ: “‘ಸಾಹೇಬ್ರು ಊಟಕ್ಕೆ ಹೋಗಿದಾರೆ, ನಾಳೆ ಬನ್ನಿ!’” ಮೇಲೆ ಅವರೊಬ್ಬರೇ ಅಲ್ಲ, ಸಭೆಗೆ ಕಾದು ಕಾರಿಡಾರಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಅಮ್ಮ ಮೆಟ್ಟಿಲಿನ ಕಂಬಿ ಹಿಡಿದುಕೊಂಡು, ಪೆಟ್ಟಿಗೆ ಅವನ ಕೈಯಲ್ಲಿದ್ದುದೇ ಒಳ್ಳೆಯದಾಯಿತು ಎನ್ನುವಷ್ಟು ನಕ್ಕಳು.

ಸಭೆ ಹೆಚ್ಚು ಹೊತ್ತು ನಡೆಯಲಿಲ್ಲ. ಯೋಜನೆ ಮುಂದಿನ ವರ್ಷಕ್ಕೂ ನಡೆಯಲಿ, ಹೊಸ ಕತೆ ಬೇಗ ಬರಲಿ ಎಂದರು ಪ್ರೊಫೆಸರ್. ತಾವು ಇಷ್ಟು ದಿನ ಹೇಗೆ ಮೇಲೆ ಬರುತ್ತಿದ್ದರೆಂಬ ವಿಷಯಕ್ಕೆ ಅವರು ಬರಲಿಲ್ಲ, ಅವನೂ ಬರಲಿಲ್ಲ. ಹೊರಗೆ ಬಂದರೆ ಅಮ್ಮ ಯಂತ್ರದ ಕೋಣೆಯ ಬಾಗಿಲಲ್ಲಿ ಕಾಯುತ್ತಿದ್ದಳು.

“ಒಂದು ಸುಟ್ಟ ತಂತಿ, ಅಷ್ಟೇ. ಈಗ ಯಾರಾದ್ರೂ ಒಳಗೆ ನಿಂತು ಎಲ್ಲಾ ಮಹಡೀಲೂ ನಿಲ್ಲಿಸಿ, ನೆಲ ಸಮ ಇದೆಯಾ ಅಂತ ನಂಗೆ ಹೇಳ್ಬೇಕು. ನಿಂತ್ಕೋತೀಯಾ? ನಾಚಿಕೆ ಆದ್ರೆ ಬೇಡ, ಆ ಅಂಗಿ ಬೇರೆ ಹಾಕಿದೀಯ.”

ಅವನು ನಿಂತ. ಊಟದ ಬಿಡುವಾಗಿತ್ತು. ಮುಂಭಾಗದ ಲಿಫ್ಟುಗಳು ಇನ್ನೂ ನಿಂತೇ ಇದ್ದುದರಿಂದ ಮೆಟ್ಟಿಲು ಒಲ್ಲದವರೆಲ್ಲ ಪ್ರತಿ ಮಹಡಿಯಲ್ಲೂ ಈ ಹಿಂದಿನ ಬಾಗಿಲಿಗೆ ಬಂದು ಸೇರಿದ್ದರು. ಎಂಟರಲ್ಲಿ ಬಾಗಿಲು ತೆರೆದಾಗ ಎದುರು ನಿಂತವರ ಕಣ್ಣು ಅವನ ಎದೆಯ ಅಕ್ಷರಗಳ ಮೇಲೆ ಹೋಯಿತು. ‘ಓಹೋ, ಭೂಮಿಯ ಬಿಸಿ ಲಿಫ್ಟಲ್ಲಿ ಇಳೀತಾ ಇದೆ!’ ಎಂದು ಯಾರೋ ಕೂಗಿದರು. ಅವನು ಬಗ್ಗಿ, ಹೊಸ್ತಿಲ ಮೇಲೆ ಅಂಗೈ ಸವರಿ ನೋಡಿ, ತಗಡಿನ ಕಡೆ ತಿರುಗಿ ಕೂಗಿದ: “ಸಮ ಇದೆ ಅಮ್ಮಾ!” ಏಳರಲ್ಲಿ ಶಿಳ್ಳೆ. “ಸಮ ಇದೆ ಅಮ್ಮಾ!” ಆರರಲ್ಲಿ ಅವನ ತರಗತಿಯವರೇ ಇದ್ದರು, ಯಾರೋ ಲಿಫ್ಟ್ ರಿಪೇರಿ ಮಾಡೋರು ಎಂದಿದ್ದ ಗೆಳೆಯನೂ ಇದ್ದ. ಅವನ ಕಿವಿ ಸುಟ್ಟಿತು. ಆದರೆ ದನಿ ಕುಗ್ಗಲಿಲ್ಲ, ಕುಗ್ಗಿಸಬೇಕೆನಿಸಲಿಲ್ಲ. “ಕೂದಲೆಳೆಯಷ್ಟು ಕೆಳಗಿದೆ ಅಮ್ಮಾ!” “ಹಾಂ, ಈಗ?” “ಈಗ ಸಮ!” ನಾಲ್ಕಕ್ಕೆ ಬರುವ ಹೊತ್ತಿಗೆ ಹೊರಗಿದ್ದವರೂ ಅವನ ಜೊತೆ ಸೇರಿ ‘ಸಮ ಇದೆ ಅಮ್ಮಾ’ ಎಂದು ರಾಗ ಎಳೆಯತೊಡಗಿದ್ದರು, ಅಮ್ಮ ಮೇಲಿನಿಂದ ‘ಅಯ್ಯೋ, ಎಷ್ಟು ಮಕ್ಕಳಪ್ಪಾ ನಂಗೆ!’ ಎನ್ನುತ್ತಿದ್ದಳು.

ತಳಮಹಡಿಯಲ್ಲಿ ಬಾಗಿಲು ತೆರೆದಾಗ ಹೆಲ್ಮೆಟ್ ಕೈಯಲ್ಲಿ ಹಿಡಿದು ಸೈಕಲ್ ನಿಂತಿದ್ದಳು. ಪ್ರಯೋಗಾಲಯ ಮುಗಿಸಿ, ಕೂಗಾಟ ಕೇಳಿ ಬಂದಿದ್ದಳು. “ದ್ರೋಹಿ!” ಎಂದಳು.

“ರಿಪೇರಿ ಆದ್ಮೇಲೆ ನೋಡ್ತಾ ಇದೀವಿ ಕಣೇ. ನಮ್ಮಮ್ಮ ಮೇಲಿದಾರೆ. ಇನ್ನೊಂದು ಸಲ ತುದಿಗೆ ಹೋದ್ರೆ ಮುಗೀತು.”

ಅವಳು ಹಿಂದೆ ನೋಡಿದಳು. ಹತ್ತಾರು ಜನ ನೋಡುತ್ತಿದ್ದರು. “ನಾನೂ ಬರ್ತೀನಿ. ಒಂದೇ ಸಲ. ಯಾರಿಗೂ ಹೇಳ್ಬೇಡ,” ಎಂದು ಪಿಸುಗುಟ್ಟಿ ಒಳಗೆ ಕಾಲಿಟ್ಟಳು. ಲಿಫ್ಟು ಚೂರು ಜಗ್ಗಿತು.

“ಏಯ್, ಯಾರೋ ಅದು?” ಎಂದಿತು ತಗಡು. “ಭಾರ ಜಾಸ್ತಿ ಆಯ್ತಲ್ಲ!”

“ಏನಿಲ್ಲಮ್ಮ, ನಮ್ಮ ಸೈಕಲ್!”

ತಗಡು ಅರಚಿತು.

“ಸೈಕಲ್ಲಾ? ಸೈಕಲ್‌ನ ಲಿಫ್ಟೊಳಗೆ ತರಬಾರ್ದು ಅಂತ ಗೊತ್ತಿಲ್ವೇನೋ ನಿಂಗೆ? ಈಗ ತಾನೇ ಸರಿ ಮಾಡಿದೀನಿ! ಇಳ್ಸೋ ಅದನ್ನ! ಹ್ಯಾಂಡಲ್ ಹಿಡ್ದು ಎಳೆದು ಹೊರಗೆ ನಿಲ್ಸು!”

ಸೈಕಲ್ ಹೆಲ್ಮೆಟ್ಟಿನಲ್ಲಿ ಮುಖ ಮುಚ್ಚಿಕೊಂಡು ನೆಲಕ್ಕೆ ಕುಸಿದಳು. ಅವನು ಏನೋ ಹೇಳಲು ಹೋದ, ನಗು ಬಿಡಲಿಲ್ಲ. ಬಾಗಿಲು ಮುಚ್ಚಿಕೊಂಡಿತು, ಲಿಫ್ಟು ಮೇಲೇರತೊಡಗಿತು. ಅಮ್ಮ ಇನ್ನೂ ಬೈಯುತ್ತಲೇ ಇದ್ದಳು.